ಮುಚ್ಚಂಜೆಯ ಅಳು

ನಮ್ಮ ಮಗಳು ಹುಟ್ಟಿ 15 ದಿನ ತುಂಬಿದ ಮರುದಿನ ನಾನು ರಜೆ ಮುಗಿಸಿ ಮತ್ತೆ ಶಾಲೆಗೆ ಹೋದೆ. ಅಂದೇ ಸಂಜೆ, ಅವ್ವ ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ಅಳಲು ತೊಡಗಿದ ಕೂಸು ರಾತ್ರಿ ಒಂಬತ್ತು ಹೊಡೆಯುವವರೆಗೂ ನಿಲ್ಲಿಸಲಿಲ್ಲ. ಹಾಲು ಕುಡಿಸಿದ್ದಾಯಿತು, ಬಟ್ಟೆ ಬದಲಿಸಿದ್ದಾಯಿತು, ಹೆಗಲ ಮೇಲೆ ಹಾಕಿಕೊಂಡು ಡರಿಕೆ ಬರುವವರೆಗೆ ಬೆನ್ನು ತಟ್ಟಿದ್ದಾಯಿತು, ಇರುವೆ ಏನಾದರೂ ಕಚ್ಚಿದೆಯೇ ಎಂದು ಬ್ಯಾಟರಿ ಹಿಡಿದು ಕಿವಿಯ ಹಿಂದೆ, ಕಂಕುಳಲ್ಲಿ, ಬೆರಳ ಸಂದಿನಲ್ಲೆಲ್ಲ ನೋಡಿದ್ದೂ ಆಯಿತು. ಒಂಬತ್ತೂಕಾಲಿಗೆ, ನಾವು ಯಾರೂ ಹೊಸದಾಗಿ ಏನನ್ನೂ ಮಾಡದೆ ಕೈಸೋತು ಕುಳಿತಿದ್ದಾಗ, ಅವಳು ತಾನಾಗಿಯೇ ಬಿಕ್ಕುತ್ತ ಬಿಕ್ಕುತ್ತ ನಿದ್ದೆ ಹೋದಳು. ಮರುದಿನ ಅದೇ ಹೊತ್ತಿಗೆ ಮತ್ತೆ ಅಳು ಶುರುವಾಯಿತು. ಹಗಲು ಮತ್ತು ರಾತ್ರಿ ಕೂಡುವ ಆ ಹೊತ್ತಿಗೆ ನಮ್ಮ ಕಡೆ ಮುಚ್ಚಂಜೆ ಎನ್ನುತ್ತಾರೆ. ಮುಂದಿನ ಎರಡೂವರೆ ತಿಂಗಳು ನಮ್ಮ ಮನೆಯ ಮುಚ್ಚಂಜೆಗಳೆಲ್ಲ ಹೀಗೆಯೇ ಕಳೆದವು.

ನಾನು ಬಾಗಲಕೋಟೆಯ ನವನಗರದಲ್ಲಿ ಇರುವವನು. ಹತ್ತಿರದ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಇವಳು ನಮಗೆ ಎರಡನೆಯವಳು. ಮೊದಲನೆಯವನು ಹುಟ್ಟುವಾಗ ಹೆಂಡತಿ ನಮ್ಮ ಪದ್ಧತಿಯಂತೆ ಕುಬಸ ಮುಗಿಸಿಕೊಂಡು ಇಳಕಲ್ಲಿನ ತವರಿಗೆ ಹೋಗಿದ್ದವಳು, ಬಾಣಂತನ ಮುಗಿಸಿ ಮಗನಿಗೆ ಐದು ತಿಂಗಳಾದ ಮೇಲೆ ತಿರುಗಿ ಬಂದಳು. ನಾನು ರವಿವಾರಕ್ಕೊಮ್ಮೆ ಬಸ್ಸು ಹತ್ತಿ ಹೋಗಿ, ಮಗನನ್ನು ಒಂದು ಗಳಿಗೆ ಎತ್ತಿಕೊಂಡು, ಅವನು ಮುಖ ಕಿವುಚಿದ ಕೂಡಲೇ ಅತ್ತೆಯವರ ಕೈಗೆ ಕೊಟ್ಟು, ಊಟ ಮಾಡಿಕೊಂಡು ಬರುತ್ತಿದ್ದೆ. ನಮ್ಮ ಮಗ ಅಳುವ ಕೂಸಾಗಿರಲಿಲ್ಲ ಎಂದು ಆರು ವರ್ಷ ನಾನು ಮನಸಾರೆ ನಂಬಿದ್ದೆ. ಅವನು ಅತ್ತಿದ್ದನು, ಆ ಅಳುವನ್ನು ಅತ್ತೆಯವರು ತಮ್ಮ ಹೆಗಲ ಮೇಲೆ ಹೊತ್ತಿದ್ದರು, ಅಷ್ಟೆ. ಅವರು ಹೋದ ವರ್ಷ ತೀರಿಕೊಂಡರು. ಹೀಗಾಗಿ ಈ ಬಾಣಂತನ ನಮ್ಮ ಮನೆಯಲ್ಲೇ ಆಗಬೇಕಾಯಿತು. ಅವ್ವನಿಗೆ ಮೊಣಕಾಲು ನೋವು. ಕಾಲು ಚಾಚಿ ಕುಳಿತು ಕೂಸಿಗೆ ಎಣ್ಣೆ ಹಚ್ಚಿ ಎರೆಯುವುದು ಅವಳಿಗೆ ಆಗುತ್ತದೆ, ಎತ್ತಿಕೊಂಡು ತಿರುಗಾಡುವುದು ಆಗುವುದಿಲ್ಲ. ಆ ಕೆಲಸ ನನ್ನ ಪಾಲಿಗೆ ಬಂದಿತು. ಸರ್ಕಾರಿ ನೌಕರನಾದ ತಂದೆಗೆ ಸಿಗುವ ರಜೆ 15 ದಿನ. ಕೂಸಿನ ಅಳು ಏರತೊಡಗುವುದು ಎರಡು ವಾರ ತುಂಬಿದ ಮೇಲೆಯೇ ಎಂಬುದು ನನಗೆ ಆಮೇಲೆ ತಿಳಿಯಿತು.

ಕೂಸು ಅತ್ತರೆ ಮೊದಲು ಪ್ರಶ್ನೆಗೆ ಗುರಿಯಾಗುವವಳು ಬಾಣಂತಿ. ನೋಡಲು ಬಂದ ಬೀಗರಲ್ಲಿ ಒಬ್ಬರು ಹಾಲು ಸಾಲುತ್ತಿಲ್ಲ ಎಂದರು, ಇನ್ನೊಬ್ಬರು ಬದನೆಕಾಯಿ ತಿಂದಿರಬೇಕು ಎಂದರು, ಮತ್ತೊಬ್ಬರು ತೊಗರಿಬೇಳೆಯ ವಾಯು ಕೂಸಿಗೆ ಇಳಿದಿದೆ ಎಂದರು. ಯಾರ ಮಾತಿನಲ್ಲಿಯೂ ಕೆಟ್ಟತನವಿರಲಿಲ್ಲ. ಆದರೆ ಹತ್ತು ಜನ ಪ್ರೀತಿಯಿಂದಲೇ ಹೇಳಿದ ಮಾತುಗಳ ಭಾರವೆಲ್ಲ ಬಿದ್ದದ್ದು ಒಬ್ಬಳ ಮೇಲೆ. ಹೆಂಡತಿ ಒಂದೊಂದೇ ಪದಾರ್ಥವನ್ನು ಬಿಡುತ್ತ ಹೋದಳು. ಮೊದಲು ಬದನೆಕಾಯಿ, ಆಮೇಲೆ ಬೇಳೆ, ಆಮೇಲೆ ಕಾಳು, ಕೊನೆಗೆ ಸೊಪ್ಪು ಕೂಡ. ಅಳವಿ ಪಾಯಸ, ರೊಟ್ಟಿ, ಸಬ್ಬಸಗಿ ಪಲ್ಯ ತಿಂದು ಮೈ ಹಿಡಿಯಬೇಕಾದ ದಿನಗಳಲ್ಲಿ ಅವಳ ತಾಟಿನಲ್ಲಿ ಅನ್ನ, ತುಪ್ಪ ಮತ್ತು ಜೀರಿಗೆಯ ಸಾರು ಮಾತ್ರ ಉಳಿದವು. ಕೂಸು ಮಾತ್ರ ಮೊದಲಿನಷ್ಟೇ ಅತ್ತಿತು. ಒಂದು ದವಾಖಾನೆಯಲ್ಲಿ ಕೂಸನ್ನು ತಕ್ಕಡಿಯ ಮೇಲೆ ಮಲಗಿಸಿ ತೂಕವನ್ನು ಕೂಡ ನೋಡದೆ ಡಬ್ಬಿ ಹಾಲು ಆರಂಭಿಸಿ ಎಂದು ಚೀಟಿ ಬರೆದುಕೊಟ್ಟರು. ಆ ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲಿಳಿಯುವಾಗ ಹೆಂಡತಿಯ ಮುಖ ಹೇಗಿತ್ತು ಎಂಬುದನ್ನು ನಾನು ಮರೆಯಲಾರೆ.

ನಮಗೆ ನೆರವಾದವರು ಇಬ್ಬರು. ಮೊದಲನೆಯವರು ಆಶಾ ಕಾರ್ಯಕರ್ತೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಅವರು 3, 7, 14, 21, 28 ಮತ್ತು 42ನೆಯ ದಿನ ಬಂದು ತಾಯಿ ಮತ್ತು ಕೂಸನ್ನು ನೋಡಬೇಕು ಎಂಬ ನಿಯಮವಿದೆ, ನಮ್ಮ ಆಶಾ ತಾಯಿ ಅದನ್ನು ಒಂದು ದಿನವೂ ತಪ್ಪಿಸಲಿಲ್ಲ. 21ನೆಯ ದಿನ ಅವರು ಜೋಳಿಗೆ ತಕ್ಕಡಿಯಲ್ಲಿ ಕೂಸನ್ನು ತೂಗಿ, ಹಿಂದಿನ ವಾರದ ತೂಕದೊಂದಿಗೆ ಹೋಲಿಸಿ, ದಿನಕ್ಕೆ ಎಷ್ಟು ಸಲ ಒದ್ದೆ ಮಾಡುತ್ತದೆ ಎಂದು ಕೇಳಿದರು. ಆರಕ್ಕಿಂತ ಹೆಚ್ಚು ಸಲ ಎಂದಾಗ, "ಹಾಲು ಸಾಲ್ತೈತ್ರಿ ಅಕ್ಕಾರ, ಕೂಸು ಏರಾಕತ್ತೈತಿ, ಬ್ಯಾರೆ ಯಾರ ಮಾತೂ ಕೇಳಬ್ಯಾಡ್ರಿ" ಎಂದರು. ಎರಡನೆಯವರು ಅವರೇ ಹೇಳಿ ಕಳಿಸಿದ ಮಕ್ಕಳ ವೈದ್ಯೆ. ಅವರು ಕೂಸನ್ನು ಬಿಚ್ಚಿ ಮಲಗಿಸಿ, ಹೊಟ್ಟೆ ಒತ್ತಿ, ಕಿವಿ ನೋಡಿ, ಕಾಲ್ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಬಾಣಂತಿಯ ಉದುರಿದ ಕೂದಲೆಳೆ ಕೆಲವು ಸಲ ಕೂಸಿನ ಬೆರಳಿಗೆ ಸುತ್ತಿಕೊಂಡು ಬಿಗಿಯುತ್ತದೆ, ಎಷ್ಟು ರಮಿಸಿದರೂ ನಿಲ್ಲದ ಅಳುವಿಗೆ ಅದೂ ಒಂದು ಕಾರಣ ಎಂದು ಆಗಲೇ ನಾನು ತಿಳಿದದ್ದು.

ಆಮೇಲೆ ಅವರು ಒಂದು ಹಾಳೆಯ ಮೇಲೆ ಗುಡ್ಡದಂತಹ ಗೆರೆಯೊಂದನ್ನು ಎಳೆದು ತೋರಿಸಿದರು. ಕೂಸಿನ ಅಳು ಎರಡನೆಯ ವಾರದಿಂದ ಏರುತ್ತದೆ, ಆರನೆಯ ವಾರದ ಸುಮಾರಿಗೆ ನೆತ್ತಿ ಮುಟ್ಟುತ್ತದೆ, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಸಂಜೆಯದು. ಮನೆಗೆ ಬಂದು ಹುಡುಕಿ ಓದಿದಾಗ ಈ ಗುಡ್ಡದ ಮೂಲ ಸಿಕ್ಕಿತು. ಅಮೆರಿಕದ ಮಕ್ಕಳ ವೈದ್ಯ ಟಿ. ಬೆರಿ ಬ್ರೇಜಲ್ಟನ್ ಅವರು 80 ಕೂಸುಗಳ ತಾಯಂದಿರಿಂದ ಅಳುವಿನ ದಿನಚರಿ ಬರೆಸಿ 1962ರಲ್ಲಿ ಪ್ರಕಟಿಸಿದ್ದರು. ಎರಡನೆಯ ವಾರದಲ್ಲಿ ದಿನಕ್ಕೆ ಸುಮಾರು ಒಂದೂಮುಕ್ಕಾಲು ಗಂಟೆಯಿದ್ದ ಅಳು ಆರನೆಯ ವಾರದಲ್ಲಿ ಎರಡೂಮುಕ್ಕಾಲು ಗಂಟೆಗೆ ಏರಿತ್ತು. ಅವು ಆರೋಗ್ಯವಂತ ಕೂಸುಗಳು, ಹಾಲು ಸಾಲದ ಕೂಸುಗಳಲ್ಲ. ಇದಕ್ಕೂ ಮೊದಲು, 1954ರಲ್ಲಿ, ವೆಸಲ್ ಎಂಬ ವೈದ್ಯರು ಹೆಚ್ಚು ಅಳುವ ಕೂಸುಗಳನ್ನು ಗುರುತಿಸಲು ಒಂದು ಅಳತೆಯನ್ನು ಕೊಟ್ಟಿದ್ದರು: ದಿನಕ್ಕೆ 3 ಗಂಟೆಗಿಂತ ಹೆಚ್ಚು, ವಾರದಲ್ಲಿ 3 ದಿನಕ್ಕಿಂತ ಹೆಚ್ಚು, 3 ವಾರಕ್ಕಿಂತ ಹೆಚ್ಚು. ನಮ್ಮವಳು ಆ ಅಳತೆಯ ಅಂಚಿನಲ್ಲಿದ್ದಳು.

ವೈದ್ಯೆ ಅಂದು ಹೇಳಿದ ಇನ್ನೊಂದು ಮಾತನ್ನು ಇಲ್ಲಿ ಬರೆಯಲೇಬೇಕು. ಅಳುವ ಕೂಸಿಗೆ ಹೆದರಬೇಡಿ, ಅಳುವುದನ್ನೇ ಬಿಟ್ಟು ಮಂಕಾಗಿ ಬಿದ್ದ ಕೂಸಿಗೆ ಹೆದರಿ ಎಂದರು. ಮೂರು ತಿಂಗಳೊಳಗಿನ ಕೂಸಿನ ಮೈ 38 ಡಿಗ್ರಿ ಸೆಲ್ಸಿಯಸ್, ಅಂದರೆ ನಮ್ಮ ಲೆಕ್ಕದ 100.4 ಡಿಗ್ರಿ ಮುಟ್ಟಿದರೆ, ಹಾಲು ಕುಡಿಯದಿದ್ದರೆ, ಹಸಿರು ವಾಂತಿ ಮಾಡಿದರೆ, ಮಲದಲ್ಲಿ ರಕ್ತ ಕಂಡರೆ ರಾತ್ರಿಯೋ ಹಗಲೋ ಎಂದು ನೋಡದೆ ಹೊರಡಬೇಕು. ಅವು ಯಾವುವೂ ಇಲ್ಲದೆ, ತೂಕ ಏರುತ್ತಿದ್ದು, ಸಂಜೆ ಮಾತ್ರ ಅಳುವ ಕೂಸಿನ ಅಳುವಿಗೆ ಯಾರೂ ಕಾರಣರಲ್ಲ. ಆ ಕೊನೆಯ ವಾಕ್ಯವನ್ನು ಕೇಳಿದ ಮೇಲೆ ಹೆಂಡತಿ ಅಂದು ಮಧ್ಯಾಹ್ನ ಮನೆಗೆ ಬಂದು ಬೇಳೆ ಹಾಕಿದ ಪಲ್ಯದೊಂದಿಗೆ ಎರಡು ರೊಟ್ಟಿ ತಿಂದಳು. ಯಾವ ಔಷಧವೂ ಅಷ್ಟು ಕೆಲಸ ಮಾಡುತ್ತಿರಲಿಲ್ಲ.

ಕಾರಣ ತಿಳಿದರೂ ಸಂಜೆಯ ಅಳು ನಿಲ್ಲಲಿಲ್ಲ. ನಿಲ್ಲಿಸಬೇಕು ಎಂಬ ಹಟ ನನ್ನಲ್ಲಿತ್ತು. ಹಾಲು ಕೊಟ್ಟು ನೋಡು, ಅದಾಗದಿದ್ದರೆ ಗಿಲಕಿ, ಅದಾಗದಿದ್ದರೆ ಮೊಬೈಲಿನ ಹಾಡು, ಅದಾಗದಿದ್ದರೆ ಫ್ಯಾನಿನ ಕೆಳಗೆ, ಅದಾಗದಿದ್ದರೆ ಅಂಗಳಕ್ಕೆ. ಒಂದೊಂದು ನಿಮಿಷಕ್ಕೆ ಒಂದೊಂದು ಉಪಾಯವನ್ನು ಬದಲಿಸುತ್ತಿದ್ದೆ. ನನ್ನ ಓಡಾಟವನ್ನು ನಾಲ್ಕೈದು ದಿನ ಸುಮ್ಮನೆ ನೋಡಿದ ಅವ್ವ ಒಂದು ಸಂಜೆ, "ತಮ್ಮಾ, ಕೂಸಿನ್ನ ಸುಮ್ಮ ಮಾಡಾಕ ಹೋಗಬ್ಯಾಡ, ರಮಸು" ಎಂದಳು. ಇಪ್ಪತ್ತು ವರ್ಷದಿಂದ ಕನ್ನಡ ಕಲಿಸುತ್ತಿರುವ ನನಗೆ ಈ ಎರಡು ಕ್ರಿಯಾಪದಗಳ ನಡುವಿನ ಅಂತರ ಆವರೆಗೆ ಹೊಳೆದಿರಲಿಲ್ಲ. ಸುಮ್ಮನಾಗಿಸುವುದರಲ್ಲಿ ಅಳು ನಿಂತರೆ ಮಾತ್ರ ಕೆಲಸ ಆದಂತೆ, ನಿಲ್ಲದಿದ್ದರೆ ಸೋತಂತೆ. ರಮಿಸುವುದಕ್ಕೆ ಆ ಕರಾರು ಇಲ್ಲ. ಅಳುತ್ತಿರುವ ಕೂಸನ್ನು ಅಳುತ್ತಿರುವಾಗಲೇ ರಮಿಸಬಹುದು, ಅರ್ಧ ಗಂಟೆ ರಮಿಸಿದ ಮೇಲೂ ಅದು ಅಳುತ್ತಿರಬಹುದು, ಆದರೂ ರಮಿಸಿದ್ದು ಸುಳ್ಳಾಗುವುದಿಲ್ಲ. ಗ್ರಂಥಗಳ ಕನ್ನಡದಲ್ಲಿ ಈ ಮಾತಿಗೆ ಬೇರೆ ಅರ್ಥವಿದೆ. ನಮ್ಮ ಭಾಗದ ಮನೆಗಳಲ್ಲಿ ಮಾತ್ರ ಅದು ಕೂಸನ್ನು ಎದೆಗೆ ಹಚ್ಚಿಕೊಂಡು ಸಮಾಧಾನ ಮಾಡುವುದಕ್ಕೆ ನಿಂತಿದೆ, ಮತ್ತು ನನಗೆ ಈಗ ಆ ಅರ್ಥವೇ ಮೊದಲಿನದಾಗಿ ತೋರುತ್ತದೆ.

ಅವ್ವ ಕುಳಿತಲ್ಲಿಂದಲೇ ನನ್ನ ಕೈಯನ್ನು ತಿದ್ದಿದಳು. ಎಡ ಮುಂಗೈಯ ಉದ್ದಕ್ಕೂ ಕೂಸನ್ನು ಬೋರಲು ಮಲಗಿಸಿಕೊಳ್ಳಬೇಕು, ಅದರ ಕೆನ್ನೆ ಮೊಣಕೈಯ ಮಡಿಕೆಯಲ್ಲಿರಬೇಕು, ನನ್ನ ಅಂಗೈ ಅದರ ತೊಡೆಯ ಸಂದಿನಲ್ಲಿ ಹಿಡಿತವಾಗಿರಬೇಕು, ಬಲಗೈ ಬೆನ್ನಿನ ಮೇಲಿರಬೇಕು. ಹೊಟ್ಟೆಗೆ ಮುಂಗೈಯ ಬಿಸಿ ತಾಗುತ್ತದೆ, ಒಂದಿಷ್ಟು ಒತ್ತಡವೂ ಬೀಳುತ್ತದೆ. ಮೊದಲ ದಿನ ಅವಳು ಈ ಹಿಡಿತದಲ್ಲಿ ಮೈ ಬಿಗಿದು ಕಿರುಚಿದಳು. ನಾಲ್ಕನೆಯ ದಿನ ನಡೆಯುತ್ತ ನಡೆಯುತ್ತ ಅವಳ ಎರಡೂ ಕೈಗಳು ನನ್ನ ಮುಂಗೈಯ ಆಚೆ ಈಚೆ ಜೋತು ಬಿದ್ದವು. ಮುಷ್ಟಿ ಬಿಚ್ಚಿತು. ನಾನು ಅಂದಿನಿಂದ ಅವಳ ಮುಖ ನೋಡುವುದನ್ನು ಬಿಟ್ಟು ಮುಷ್ಟಿಯನ್ನು ನೋಡತೊಡಗಿದೆ. ದನಿ ಇನ್ನೂ ಜೋರಾಗಿದ್ದರೂ ಬೆರಳುಗಳು ಸಡಿಲಾಗುತ್ತಿವೆ ಎಂದರೆ ಅಳು ಇಳಿಯುತ್ತಿದೆ ಎಂದು ಅರ್ಥ.

ನಡೆಯುವುದರಲ್ಲಿಯೂ ಒಂದು ಲೆಕ್ಕವಿದೆ. ಜಪಾನಿನ ಸಂಶೋಧಕಿ ಕುಮಿ ಕುರೋಡಾ ಮತ್ತು ಸಂಗಡಿಗರು 2013ರಲ್ಲಿ, ಎತ್ತಿಕೊಂಡು ನಡೆಯುವಾಗ ಕೂಸಿನ ಅಳುವಷ್ಟೇ ಅಲ್ಲ, ಎದೆಬಡಿತವೂ ಇಳಿಯುತ್ತದೆ ಎಂದು ತೋರಿಸಿದರು. ಎತ್ತಿಕೊಂಡು ಸುಮ್ಮನೆ ಕುಳಿತರೆ ಹಾಗೆ ಆಗುವುದಿಲ್ಲ. 2022ರಲ್ಲಿ ಅವರೇ 21 ಕೂಸುಗಳನ್ನು ಗಮನಿಸಿ, ಐದು ನಿಮಿಷ ನಡೆದು ಅದು ನಿದ್ದೆ ಹೋದ ಮೇಲೆ ಐದರಿಂದ ಎಂಟು ನಿಮಿಷ ಎತ್ತಿಕೊಂಡೇ ಕುಳಿತು, ಆಮೇಲೆ ಮಲಗಿಸಿದರೆ ಎಚ್ಚರಾಗುವುದು ಕಡಿಮೆ ಎಂದು ಹೇಳಿದರು. ಕೂಸು ಎಚ್ಚರಗೊಳ್ಳಲು ತೊಡಗುವುದು ಬೆನ್ನು ಹಾಸಿಗೆಗೆ ತಾಗಿದಾಗ ಅಲ್ಲ, ಅದಕ್ಕೂ ಮೊದಲು, ಅದರ ಹೊಟ್ಟೆ ನಮ್ಮ ಎದೆಯಿಂದ ಬೇರ್ಪಡುವ ಗಳಿಗೆಯಲ್ಲಿ ಎಂಬ ಅವರ ಮಾತನ್ನು ಓದಿದಾಗ ನನ್ನ ಹತ್ತಾರು ರಾತ್ರಿಗಳು ಒಮ್ಮೆಗೇ ಅರ್ಥವಾದವು. ತೊಟ್ಟಿಲಲ್ಲಿ ಇಡುವ ತನಕ ಗಾಢ ನಿದ್ದೆಯಲ್ಲಿದ್ದವಳು ಇಡಲು ಬಾಗಿದ ಕೂಡಲೇ ಎರಡೂ ಕೈಗಳನ್ನು ಬೆಚ್ಚಿ ಚಾಚುತ್ತಿದ್ದಳು. ಈಗ ನಾನು ತೊಟ್ಟಿಲಿಗೆ ಬಾಗುವಾಗ ನನ್ನ ಎದೆಯನ್ನೂ ಅವಳೊಂದಿಗೆ ಕೆಳಕ್ಕೆ ಒಯ್ದು, ಮೊದಲು ಕಾಲು, ಆಮೇಲೆ ಬೆನ್ನು, ಕೊನೆಗೆ ತಲೆ ಎಂದು ಇಳಿಸಿ, ಅಂಗೈಯನ್ನು ಎದೆಯ ಮೇಲೆ ಸ್ವಲ್ಪ ಹೊತ್ತು ಇಟ್ಟೇ ಎದ್ದೇಳುತ್ತೇನೆ. ಅಂಗಳದ ಬೇವಿನ ಗಿಡದಿಂದ ನೀರಿನ ತೊಟ್ಟಿಯವರೆಗೆ ಹದಿನೆಂಟು ಹೆಜ್ಜೆ. ಆ ದಾರಿಯನ್ನು ನಾನು ಎಷ್ಟು ಸಲ ತುಳಿದೆನೆಂಬ ಲೆಕ್ಕವಿಲ್ಲ.

ಎತ್ತಿ ಎತ್ತಿ ಕೈಚಾಳಿ ಹಚ್ಚಬೇಡಿ ಎಂದು ಹೇಳುವವರು ಎಲ್ಲ ಓಣಿಗಳಲ್ಲಿಯೂ ಇರುತ್ತಾರೆ. ನಾನು ಆ ಮಾತನ್ನು ಒಪ್ಪುವುದಿಲ್ಲ. ಕೆನಡಾದ ಮಾಂಟ್ರಿಯಲ್‌ನಲ್ಲಿ 1986ರಲ್ಲಿ ನಡೆದ ಪ್ರಯೋಗದಲ್ಲಿ, ಕೂಸು ಅಳಲಿ ಬಿಡಲಿ ದಿನವೂ ಹೆಚ್ಚು ಹೊತ್ತು ಎತ್ತಿಕೊಂಡ ಮನೆಗಳಲ್ಲಿ ಆರನೆಯ ವಾರದ ಅಳು 43 ಪ್ರತಿಶತ ಕಡಿಮೆ ಇತ್ತು. ಕಲಹಾರಿ ಮರುಭೂಮಿಯ ಕುಂಗ್ ಸಾನ್ ಜನ ತಮ್ಮ ಕೂಸುಗಳನ್ನು ಇಡೀ ದಿನ ಮೈಗೆ ಕಟ್ಟಿಕೊಂಡು ತಿರುಗುತ್ತಿದ್ದರು; 1991ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅವರ ಕೂಸುಗಳ ಅಳುವಿಗೂ ಅದೇ ಗುಡ್ಡದ ಏರಿಳಿತ ಇತ್ತು, ಆದರೆ ಒಂದೊಂದು ಅಳುವಿನ ಅವಧಿ ಮಾತ್ರ ಬಹಳ ಚಿಕ್ಕದು. ಅಳು ಹುಟ್ಟುವುದನ್ನು ನಮ್ಮ ಕೈ ತಪ್ಪಿಸಲಾರದು, ಅದು ಉದ್ದವಾಗುವುದನ್ನು ತಡೆಯಬಲ್ಲದು. ನನಗೆ ಅಷ್ಟು ಸಾಕಾಗಿತ್ತು.

ದನಿಯ ಮಾತು ಬೇರೆ. ಅವ್ವ ಕೂಸನ್ನು ರಮಿಸುವಾಗ ಹಾಡುವುದು ಕಡಿಮೆ, "ಹುಳುಳುಳು ಹಾಯಿ" ಎಂದು ಒಂದೇ ಸಮನೆ ಅನ್ನುತ್ತಿರುತ್ತಾಳೆ. ಒಂದು ರಾತ್ರಿ ಅದನ್ನು ನಾನೂ ಅನ್ನುತ್ತಿರುವಾಗ ನಾಲಿಗೆಯ ಕಡೆಗೆ ಗಮನ ಹೋಯಿತು. ಅದರಲ್ಲಿ ಉಸಿರನ್ನು ತಡೆದು ಬಿಡುವ ಕ, ಟ, ಪಗಳಂತಹ ಅಕ್ಷರ ಒಂದೂ ಇಲ್ಲ. ಹಕಾರದಲ್ಲಿ ಉಸಿರು ಹರಿಯುತ್ತದೆ, ಳಕಾರದಲ್ಲಿ ನಾಲಿಗೆಯ ತುದಿ ಮೇಲಕ್ಕೆ ಮಡಚಿದರೂ ಉಸಿರು ಅದರ ಎರಡೂ ಬದಿಗಳಿಂದ ಹರಿದು ಹೋಗುತ್ತಲೇ ಇರುತ್ತದೆ, ಕೊನೆಯ ಯಕಾರ ಸ್ವರದೊಳಗೆ ಕರಗುತ್ತದೆ. ಬಸಿರಿನೊಳಗೆ ತಾಯಿಯ ರಕ್ತದ ಹರಿವನ್ನು ಹಗಲೂ ರಾತ್ರಿ ಕೇಳಿಕೊಂಡು ಬಂದ ಕೂಸಿಗೆ ನಿಲುಗಡೆಯಿಲ್ಲದ ದನಿಯೇ ಪರಿಚಿತವಾದದ್ದು. ಅಕ್ಷರ ಬಾರದ ನಮ್ಮ ಹೆಣ್ಣುಮಕ್ಕಳು ಆ ಪರಿಚಯವನ್ನು ಕಿವಿಯಿಂದಲೇ ಕಂಡುಕೊಂಡರು. ವಿಜಯಪುರ ಜಿಲ್ಲೆಯ ಹಲಸಂಗಿಯ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಮತ್ತು ಅವರ ಗೆಳೆಯರು ಬೀಸುವ ಕಲ್ಲಿನ ಮುಂದೆ, ತೊಟ್ಟಿಲ ಮುಂದೆ ಹೆಂಗಸರು ಹಾಡುತ್ತಿದ್ದ ತ್ರಿಪದಿಗಳನ್ನು ಬರೆದುಕೊಂಡು ಉಳಿಸಿದರು. ಮಾತಾಗದ ಈ ಹುಳುಳುಳು ಹಾಯಿ ಮಾತ್ರ ಬರೆದಿಡುವ ಹಂಗಿಲ್ಲದೆ ಬಾಯಿಂದ ಬಾಯಿಗೆ ಉಳಿದಿದೆ.

ಹೋಳಿಯ ದಿನಗಳಲ್ಲಿ ಇದಕ್ಕೆ ಇನ್ನೊಂದು ಸಾಕ್ಷಿ ಸಿಕ್ಕಿತು. ಬಾಗಲಕೋಟೆಯ ಹೋಳಿ ಎಂದರೆ ಹಲಗೆಯ ಸದ್ದು. ಹಬ್ಬಕ್ಕೆ ಇನ್ನೂ ವಾರವಿರುವಾಗಲೇ ನಮ್ಮ ಸೆಕ್ಟರಿನ ಹುಡುಗರು ರಾತ್ರಿ ಹತ್ತರವರೆಗೆ ಹಲಗೆ ಬಡಿಯತೊಡಗಿದರು. ಸೌಟು ನೆಲಕ್ಕೆ ಬಿದ್ದರೆ ಬೆಚ್ಚಿ ಏಳುವ ಕೂಸು ಇನ್ನು ಹೇಗೆ ಮಲಗೀತು ಎಂದು ನಾವು ಕಿಟಕಿಗಳನ್ನೆಲ್ಲ ಮುಚ್ಚಿದೆವು. ಅವಳು ಹಲಗೆಯ ಸದ್ದಿನಲ್ಲಿ ಮಲಗಿದಳು. ಸದ್ದು ನಿಂತಾಗ ಎದ್ದಳು. ಒಂದೇ ಲಯದಲ್ಲಿ ಬರುವ ಸದ್ದು ಎಷ್ಟೇ ದೊಡ್ಡದಾದರೂ ಕೂಸಿಗೆ ಆಸರೆಯಾಗಬಲ್ಲದು, ಲಯ ಮುರಿದರೆ ಸಣ್ಣ ಸದ್ದೂ ಬೆದರಿಸುತ್ತದೆ. ಹಾಗೆಂದು ಹಲಗೆಯ ಹತ್ತಿರ ಹಸುಗೂಸನ್ನು ಒಯ್ಯಬೇಕೆಂದು ನಾನು ಹೇಳುತ್ತಿಲ್ಲ. ಅದರ ಕಿವಿ ಬಹಳ ನಾಜೂಕು, ನಮ್ಮ ಮನೆಗೆ ಆ ಸದ್ದು ಮೂರು ಓಣಿ ದಾಟಿ ಬರುತ್ತಿತ್ತು.

ಜರ್ಮನಿಯ ಸಂಶೋಧಕರು 2009ರಲ್ಲಿ, ಹುಟ್ಟಿ ಎರಡರಿಂದ ಐದು ದಿನವಾದ 30 ಫ್ರೆಂಚ್ ಮತ್ತು 30 ಜರ್ಮನ್ ಕೂಸುಗಳ ಅಳುವನ್ನು ಧ್ವನಿಮುದ್ರಿಸಿ ಹೋಲಿಸಿದರು. ಫ್ರೆಂಚ್ ಕೂಸುಗಳ ಅಳು ಕೆಳಗಿನಿಂದ ಮೇಲಕ್ಕೆ ಏರುತ್ತಿತ್ತು, ಜರ್ಮನ್ ಕೂಸುಗಳ ಅಳು ಮೇಲಿನಿಂದ ಕೆಳಕ್ಕೆ ಇಳಿಯುತ್ತಿತ್ತು, ಅವರವರ ತಾಯಂದಿರ ಮಾತಿನ ಧಾಟಿಯಂತೆಯೇ. ಹಾಗಾದರೆ ನನ್ನ ಮಗಳು ನನ್ನ ತೋಳಿನಲ್ಲಿ ಅಳುತ್ತಿರುವುದು ಇಳಕಲ್ಲಿನ ಕಡೆಯ ಧಾಟಿಯಲ್ಲಿ ಎಂದು ಒಂದು ರಾತ್ರಿ ನನಗೆ ತೋರಿತು. ಅಲ್ಲಿಂದ ಮುಂದೆ ಆ ಅಳುವನ್ನು ಗದ್ದಲವೆಂದು ಕೇಳುವುದು ನನ್ನಿಂದ ಆಗಲಿಲ್ಲ.

ಮದ್ದಿನ ವಿಷಯದಲ್ಲಿ ಮನೆಯಲ್ಲಿ ಒಂದಿಷ್ಟು ಮಾತು ನಡೆಯಿತು. ಬಜೆ, ಜಾಯಿಕಾಯಿ, ಅಳಲೆಕಾಯಿಗಳನ್ನು ಸಾಣೆಕಲ್ಲಿಗೆ ತೇಯ್ದು ಎದೆಹಾಲಿನಲ್ಲಿ ಕಲಸಿ ಗುಟ್ಟಿ ಹಾಕುವುದು ಅವ್ವನಿಗೆ ತನ್ನ ಅವ್ವನಿಂದ ಬಂದದ್ದು. ಆರು ತಿಂಗಳು ಎದೆಹಾಲು ಬಿಟ್ಟು ನೀರನ್ನೂ ಕೊಡಬಾರದು ಎಂದು ವೈದ್ಯೆ ಹೇಳಿದ್ದನ್ನು ನಾನು ಅವಳಿಗೆ ಹೇಳಿದೆ. ಅಂಗಡಿಯ ಗ್ರೈಪ್ ವಾಟರ್ ತರೋಣ ಎಂದು ಬಂದ ಸಲಹೆಗೂ ಅದೇ ಉತ್ತರವಾಯಿತು. 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ ಆ ಮದ್ದಿನಲ್ಲಿ ಸಬ್ಬಸಗಿ ಎಣ್ಣೆ, ಸೋಡಾ, ಸಕ್ಕರೆಗಳೊಂದಿಗೆ ಮದ್ಯಸಾರವೂ ಇತ್ತು, ಮತ್ತು ಕೂಸುಗಳನ್ನು ಮಲಗಿಸಿದ್ದರಲ್ಲಿ ಅದರ ಪಾಲೂ ಇದ್ದಿರಬೇಕು. ಇನ್ನೂ ಕಠಿಣವಾದ ಕತೆ ಮುಂಬಯಿಯದು. ಗಿರಣಿಯ ದುಡಿತಕ್ಕೆ ಹೋಗಬೇಕಾದ ತಾಯಂದಿರು ಒಂದು ಕಾಲಕ್ಕೆ ಕೂಸಿಗೆ ಬಾಳಗೋಳಿ ಎಂಬ ಅಫೀಮಿನ ಗುಳಿಗೆ ತಿನ್ನಿಸಿ ಮಲಗಿಸಿ ಹೋಗುತ್ತಿದ್ದರು. ಆ ತಾಯಂದಿರನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ಎತ್ತಿಕೊಳ್ಳುವ ಕೈ ಮನೆಯಲ್ಲಿ ಇರದಿದ್ದರೆ ಕೂಸನ್ನು ಸುಮ್ಮನಾಗಿಸುವುದೊಂದೇ ದಾರಿ ಉಳಿಯುತ್ತದೆ. ಅವ್ವ ಮರುಮಾತಾಡದೆ ಸಾಣೆಕಲ್ಲನ್ನು ಒರೆಸಿ ಮಾಡಿನಲ್ಲಿ ಎತ್ತಿಟ್ಟಳು. ಅದು ಅವಳಿಗೆ ಸುಲಭವಾಗಿರಲಿಲ್ಲ ಎಂಬುದು ನನಗೆ ಗೊತ್ತು. ದೃಷ್ಟಿ ತೆಗೆಯುವುದನ್ನು ಮಾತ್ರ ನಾವು ಬೇಡವೆನ್ನಲಿಲ್ಲ. ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಹೊರಗೆ ಒಲೆಗೆ ಹಾಕುವ ಆ ಐದು ನಿಮಿಷ ಮನೆಯವರೆಲ್ಲ ಮಾತು ನಿಲ್ಲಿಸಿ ಕೂಸಿನ ಸುತ್ತ ಕುಳಿತಿರುತ್ತಿದ್ದರು, ಬಾಣಂತಿಯ ಮುಖವೂ ತಿಳಿಯಾಗುತ್ತಿತ್ತು.

ಈಗ ಬರೆಯಲು ಕಷ್ಟವಾದ ಒಂದು ರಾತ್ರಿಯ ಮಾತು. ಏಳನೆಯ ವಾರ, ರಾತ್ರಿ ಎರಡು ಗಂಟೆ, ಕರೆಂಟು ಹೋಗಿ ಸೆಕೆ ಏರಿತ್ತು, ಬೆಳಿಗ್ಗೆ ನನಗೆ ಪರೀಕ್ಷೆಯ ಕೆಲಸವಿತ್ತು. ಒಂದು ತಾಸಿನಿಂದ ಎತ್ತಿಕೊಂಡಿದ್ದೆ. ಅಳುವಿನ ನಡುವೆ ಅವಳನ್ನು ಇನ್ನೊಂದು ಹೆಗಲಿಗೆ ಬದಲಿಸುವಾಗ ನನ್ನ ಬೆರಳುಗಳು ಅವಳ ಪಕ್ಕೆಯ ಮೇಲೆ ಬೇಕಾದದ್ದಕ್ಕಿಂತ ಬಿಗಿಯಾದವು. ಒಂದು ಕ್ಷಣ, ಅಷ್ಟೆ. ಬಾಯಿಂದ "ಸಾಕು" ಎಂಬ ಮಾತು ಜೋರಾಗಿ ಬಂದಿತು. ಅವಳನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಸುತ್ತ ಬಟ್ಟೆ, ದಿಂಬು ಏನೂ ಇಲ್ಲವೆಂದು ನೋಡಿ, ಹೊರಗಿನ ಕಟ್ಟೆಯ ಮೇಲೆ ಹೋಗಿ ಕುಳಿತೆ. ಅಳು ಒಳಗಿನಿಂದ ಕೇಳುತ್ತಿತ್ತು, ನನ್ನ ಕೈಗಳು ನಡುಗುತ್ತಿದ್ದವು. ಹಸುಗೂಸಿನ ಕುತ್ತಿಗೆಗೆ ಬಲವಿರುವುದಿಲ್ಲ, ಸಿಟ್ಟಿನಲ್ಲಿ ಒಮ್ಮೆ ಅಲುಗಿಸಿದರೂ ಮಿದುಳಿನಲ್ಲಿ ರಕ್ತ ಒಸರಬಹುದು, ಕಣ್ಣು ಹೋಗಬಹುದು, ಜೀವವೇ ಹೋಗಬಹುದು. ಅಂಥ ಗಳಿಗೆಯಲ್ಲಿ ಕೂಸನ್ನು ಸುರಕ್ಷಿತವಾಗಿ ಮಲಗಿಸಿ ಕೆಲವು ನಿಮಿಷ ದೂರ ಹೋಗುವುದು ತಪ್ಪಲ್ಲ, ಅದೇ ಸರಿ ಎಂದು ವೈದ್ಯೆ ಮೊದಲೇ ಹೇಳಿದ್ದರು. ಅವರು ಹೇಳಿದಾಗ ಈ ಮಾತು ನನಗಲ್ಲ ಎಂದುಕೊಂಡಿದ್ದೆ. ಹತ್ತು ನಿಮಿಷದ ಮೇಲೆ ಒಳಗೆ ಹೋದಾಗ ಹೆಂಡತಿ ಎದ್ದು ಹಾಲೂಡಿಸುತ್ತಿದ್ದಳು. ನಾನು ನಡೆದದ್ದನ್ನು ಹೇಳಿದೆ. "ನನಗೂ ಮೊನ್ನೆ ಹಂಗ ಆಗಿತ್ರೀ" ಎಂದಳು. ಆ ರಾತ್ರಿ ನಾವು ಒಂದು ಕಟ್ಟು ಮಾಡಿಕೊಂಡೆವು: ಯಾರಿಗೆ ಕೈ ಬಿಗಿಯಾಗುತ್ತಿದೆ ಎನ್ನಿಸುತ್ತದೋ ಅವರು ಬಾಯಿ ಬಿಟ್ಟು ಹೇಳಬೇಕು, ಇನ್ನೊಬ್ಬರು ಎಷ್ಟೇ ನಿದ್ದೆಯಲ್ಲಿದ್ದರೂ ಏಳಬೇಕು.

ಅವ್ವನಿಗೆ ಈ ಕಟ್ಟಿನ ವಿಷಯ ತಿಳಿದಾಗ ಅವಳು ಹಳೆಯ ಬಾಗಲಕೋಟೆಯ ಮನೆಯನ್ನು ನೆನೆದಳು. ಆಲಮಟ್ಟಿಯ ಹಿನ್ನೀರು ಘಟಪ್ರಭೆಯ ದಂಡೆಯ ಆ ಓಣಿಗಳನ್ನು ನುಂಗಿದಾಗ ನಮ್ಮಂತಹ ಸಾವಿರಾರು ಮನೆಗಳು ನವನಗರಕ್ಕೆ ಬಂದವು. ಇಲ್ಲಿ ಅಗಲವಾದ ರಸ್ತೆಗಳಿವೆ, ಮನೆ ಮನೆಗೂ ಕಂಪೌಂಡು ಇದೆ. ಅಲ್ಲಿ ಒಂದು ಮನೆಯ ಗೋಡೆಯೇ ಇನ್ನೊಂದು ಮನೆಯ ಗೋಡೆಯಾಗಿತ್ತು. ಕೂಸು ಅತ್ತರೆ ಗೋಡೆಯಾಚೆ ಕೇಳುತ್ತಿತ್ತು, ಕೇಳಿದವರು ಬರುತ್ತಿದ್ದರು. ನಾನು ಹುಟ್ಟಿದಾಗ ಮೂರು ತಿಂಗಳು ಸಂಜೆಯಾದರೆ ಅತ್ತೆನಂತೆ, ಆದರೆ ಅವ್ವ ಒಂದು ಸಂಜೆಯೂ ನನ್ನನ್ನು ಅರ್ಧ ಗಂಟೆಗಿಂತ ಹೆಚ್ಚು ಎತ್ತಿಕೊಂಡದ್ದು ಅವಳಿಗೆ ನೆನಪಿಲ್ಲ. ಬಾಜೂಮನೆಯ ಕಾಕು, ಎದುರುಮನೆಯ ಆಯಿ, ಹಿತ್ತಲಾಚೆಯ ಖಾಲಾ ಒಬ್ಬರಾದ ಮೇಲೆ ಒಬ್ಬರು ಒಯ್ಯುತ್ತಿದ್ದರಂತೆ. ನಾನು ಮರುದಿನ ಪಕ್ಕದ ಮನೆಯ ಗೇಟು ತಟ್ಟಿ, ನಮ್ಮ ಕೂಸಿನ ಅಳುವಿನಿಂದ ನಿಮಗೆ ತ್ರಾಸಾಗುತ್ತಿರಬೇಕು ಎಂದೆ. "ತ್ರಾಸ ಏನ್ರೀ ಸರ, ಕೇಳತಿತ್ತು. ನೀವು ಕರೀಲಿಲ್ಲಂತ ಸುಮ್ಮ ಇದ್ದೆ" ಎಂದರು ಆ ಮನೆಯ ಅಜ್ಜಿ. ಅಂದಿನಿಂದ ಏಳು ಗಂಟೆಗೆ ಅವರು ಬಂದು ಅರ್ಧ ತಾಸು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂಡುತ್ತಿದ್ದರು. ಆ ಅರ್ಧ ತಾಸಿನಲ್ಲಿ ನಾವು ಊಟ ಮಾಡುತ್ತಿದ್ದೆವು.

ಅತ್ತೆಯವರ ಒಂದು ಹಳೆಯ ಇಳಕಲ್ಲ ಸೀರೆ ನಮ್ಮಲ್ಲಿತ್ತು. ಒಗೆದು ಒಗೆದು ನೂಲು ಮೆತ್ತಗಾಗಿ, ಸೆರಗಿನ ಕೆಂಪು ಮಾಸಿ, ಅಂಚು ಮಾತ್ರ ಗಟ್ಟಿಯಾಗಿ ಉಳಿದಿತ್ತು. ಹೆಂಡತಿ ಅದನ್ನು ಪಡಸಾಲೆಯ ಕೊಂಡಿಗೆ ಜೋಳಿಗೆ ಕಟ್ಟಿಸಿಕೊಂಡಳು. ಜೋಳಿಗೆಯಲ್ಲಿ ಕೂಸಿನ ಕುತ್ತಿಗೆ ಮುದುಡಿ ಉಸಿರಿಗೆ ಅಡ್ಡಿಯಾಗಬಹುದು ಎಂಬ ಎಚ್ಚರಿಕೆಯಿಂದ ನಾವು ಎದುರಿಗೆ ಕುಳಿತು ತೂಗುವಾಗ ಮಾತ್ರ ಹಾಕುತ್ತಿದ್ದೆವು, ನಿದ್ದೆ ಬಂದ ಮೇಲೆ ತೊಟ್ಟಿಲಿಗೆ ಬದಲಿಸುತ್ತಿದ್ದೆವು. ಒಂದು ಸಂಜೆ ತೂಗುತ್ತಿದ್ದ ಹೆಂಡತಿ ಇದ್ದಕ್ಕಿದ್ದಂತೆ ಸೀರೆಯ ಅಂಚನ್ನು ಮುಖಕ್ಕೆ ಒತ್ತಿಕೊಂಡು ಅಳತೊಡಗಿದಳು. ತಾಯಿ ತೀರಿದಾಗ ಬಸಿರಿಯಾಗಿದ್ದ ಅವಳನ್ನು ಎಲ್ಲರೂ ಅಳಬೇಡ, ಹೊಟ್ಟೆಯಲ್ಲಿ ಕೂಸಿದೆ ಎಂದು ಸುಮ್ಮನಾಗಿಸಿದ್ದೆವು. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅವ್ವ ನನಗೆ ಕಣ್ಣಿನಿಂದಲೇ ಬೇಡವೆಂದು, ಕೂಸನ್ನು ಎತ್ತಿಕೊಳ್ಳಲು ಹೇಳಿ, ಗೋಡೆ ಹಿಡಿದು ಎದ್ದು ಬಂದು ಸೊಸೆಯ ಹಿಂದೆ ಕುಳಿತಳು. ಅವಳ ತುರುಬು ಬಿಚ್ಚಿ, ಎಣ್ಣೆ ಹಚ್ಚಿ, ತಲೆ ಹಿಕ್ಕತೊಡಗಿದಳು. ಒಂದು ಮಾತನ್ನೂ ಆಡಲಿಲ್ಲ. ಕೂಸು ನನ್ನ ಕೈಯಲ್ಲಿ ಅಳುತ್ತಿತ್ತು, ಅವಳು ಅಲ್ಲಿ ಅಳುತ್ತಿದ್ದಳು, ಅವ್ವ ಹಣಿಗೆಯಿಂದ ಸಿಕ್ಕು ಬಿಡಿಸುತ್ತಿದ್ದಳು. ಯಾರೂ ಯಾರನ್ನೂ ಅವಸರಿಸಲಿಲ್ಲ. ಎಂಟು ಗಂಟೆಯವರೆಗೆ ಹಾಗೆಯೇ ಇದ್ದೆವು.

ಮೇ ತಿಂಗಳ ನಡುವೆ ಅಳು ಇಳಿಯಿತು. ಯಾವ ದಿನವೆಂದು ಹೇಳಲಾರೆ. ಒಂದು ಮುಚ್ಚಂಜೆ ನಾನು ರೂಢಿಯಂತೆ ಅವಳನ್ನು ಮುಂಗೈಯ ಮೇಲೆ ಹಾಕಿಕೊಂಡು ಬೇವಿನ ಗಿಡದ ಹತ್ತಿರ ನಿಂತಿದ್ದೆ, ದೀಪ ಹಚ್ಚಿ ಆಗಿತ್ತು, ಅವಳು ಕತ್ತು ಎತ್ತಿ ಎಲೆಗಳನ್ನು ನೋಡುತ್ತಿದ್ದಳು. ಈಗ ಅವಳಿಗೆ ಎಂಟು ತಿಂಗಳು. ಅಳು ಬೇರೆಯಾಗಿದೆ, ಅದಕ್ಕೊಂದು ಕಾರಣ ಇರುತ್ತದೆ, ಕಣ್ಣಲ್ಲಿ ನೀರೂ ಇರುತ್ತದೆ. ಬೆಳಿಗ್ಗೆ ನಾನು ಶಾಲೆಗೆ ಹೊರಡಲು ಚಪ್ಪಲಿ ಮೆಟ್ಟಿದ ಕೂಡಲೇ ಎರಡೂ ಕೈ ಚಾಚುತ್ತಾಳೆ. ಅವ್ವ ಕಟ್ಟೆಯ ಮೇಲೆ ಕುಳಿತು ಅವಳನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು, "ಅಪ್ಪ ಸಂಜೀಕ ಬರ್ತಾನವಾ" ಎಂದು ಹೇಳಿ ಹುಳುಳುಳು ಹಾಯಿ ಎಂದು ಆರಂಭಿಸುತ್ತಾಳೆ. ನಾನು ಗಾಡಿಯನ್ನು ಗೇಟಿನ ಹೊರಗೆ ನಿಲ್ಲಿಸಿ, ಅವಳ ಮುಷ್ಟಿಯನ್ನು ನೋಡಿ, ಆಮೇಲೆ ಹೊರಡುತ್ತೇನೆ.